ಮಸ್ಕತ್‌ನಿಂದ, ಭಾಗ 9: ಡೇಟ್ ಕೇಳ್ತೀವಿ, ಬಿಪಿ ಯಾಕೆ ಕೇಳಲ್ಲ?

ನೈಟ್ ಡ್ಯೂಟಿ ಮುಗಿಸಿ ಬಂದು ಬರೀತಿದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮೂರಲ್ಲಿ ಯಾರಾದ್ರೂ ಬಸುರಿ ಅಂತ ಗೊತ್ತಾದ್ರೆ ಮೊದಲು ಕೇಳೋದು, "ಡೇಟ್ ಯಾವಾಗ ಕೊಟ್ಟಿದಾರೆ?" ಆಮೇಲೆ ಸೀಮಂತ ಯಾವಾಗ, ಬಾಣಂತನ ಎಲ್ಲಿ. "ಬಿಪಿ ಎಷ್ಟಿದೆ?" ಅಂತ ಯಾರೂ ಕೇಳಲ್ಲ. ಕೇಳಲೇಬೇಕು ಅಂತೀನಿ ನಾನು.

ಹೋದ ವರ್ಷ ನನ್ನ ತಂಗಿಗೆ ಎಂಟನೇ ತಿಂಗಳು. ವಿಡಿಯೋ ಕಾಲ್‌ನಲ್ಲಿ ಮುಖ ಊದಿದ ಹಾಗೆ ಕಾಣ್ತು. ಸೀಮಂತದ ಬಳೆ ಕೈಗೆ ಬಿಗಿಯಾಗಿತ್ತು. "ಎರಡು ದಿನದಿಂದ ತಲೆನೋವು ಅಕ್ಕ" ಅಂದ್ಲು. ಹಿಂದಿನಿಂದ ಅಮ್ಮ, "ಬಸುರೀಗೆ ಊತ ಇರೋದೇ, ಸುಮ್ನೆ ಹೆದರಿಸಬೇಡ ಅವಳನ್ನ" ಅಂದ್ರು. ಜಗಳ ಆಡಿಯೇ ಆಸ್ಪತ್ರೆಗೆ ಕಳಿಸಿದೆ. ಬಿಪಿ 160/110, ಮೂತ್ರದಲ್ಲಿ ಪ್ರೋಟೀನ್. ಅಡ್ಮಿಟ್ ಮಾಡ್ಕೊಂಡ್ರು. 34 ವಾರಕ್ಕೇ ಸಿಸೇರಿಯನ್ ಆಯ್ತು. ಈಗ ತಾಯಿ ಮಗು ಇಬ್ಬರೂ ಆರಾಮ. ಅವಳನ್ನ ಕೇಳಿಯೇ ಇದನ್ನ ಬರೀತಿದೀನಿ.

ಆದ್ರೆ ಅವಳ ತಾಯಿ ಕಾರ್ಡ್‌ನಲ್ಲಿ ಹಿಂದಿನ ತಿಂಗಳೇ 142/92 ಅಂತ ಬರೆದಿತ್ತು! ಬರೆದವರು ಹೇಳಲಿಲ್ಲ, ಮನೆಯವರು ಓದಲಿಲ್ಲ. ದಿನಾ ಹೆರಿಗೆ ವಾರ್ಡಲ್ಲಿ ಬಿಪಿ ನೋಡೋ ನಾನೂ ಕೇಳಿರಲಿಲ್ಲ. ಆ ತಪ್ಪಲ್ಲಿ ನನ್ನ ಪಾಲೂ ಇದೆ.

20 ವಾರ ಆದ ಮೇಲೆ ಬಿಪಿ 140/90 ಅಥವಾ ಹೆಚ್ಚಾದ್ರೆ ಡಾಕ್ಟರ್ ನೋಡಲೇಬೇಕು. ಅದರ ಜೊತೆ ಮೂತ್ರದಲ್ಲಿ ಪ್ರೋಟೀನ್ ಬಂದ್ರೆ ಪ್ರಿ-ಎಕ್ಲಾಂಪ್ಸಿಯಾ ಅಂತೀವಿ. ಕಿಡ್ನಿ, ಲಿವರ್‌ಗೆ ಪೆಟ್ಟು ಬೀಳಬಹುದು, ಫಿಟ್ಸ್ ಬರಬಹುದು, ಮಗು ಬೆಳವಣಿಗೆ ಕುಂಠಿತ ಆಗಬಹುದು. ಎಷ್ಟೋ ಜನಕ್ಕೆ ಶುರುವಲ್ಲಿ ಏನೂ ಗೊತ್ತೇ ಆಗಲ್ಲ, ಅಳತೆ ಮಾಡಿದ್ರೆ ಮಾತ್ರ ತಿಳಿಯುತ್ತೆ. ಜೋರು ತಲೆನೋವು, ಕಣ್ಣು ಮಂಜಾಗೋದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ದಿಢೀರ್ ಊದೋದು, ಇವುಗಳಲ್ಲಿ ಒಂದಿದ್ರೂ ಬೆಳಗಾಗ್ಲಿ ಅಂತ ಕಾಯಬೇಡಿ. ಡಾಕ್ಟರ್ ಕೊಟ್ಟ ಬಿಪಿ ಮಾತ್ರೆಯನ್ನ "ಮಗುಗೆ ತೊಂದ್ರೆ" ಅಂತ ನೀವೇ ನಿಲ್ಲಿಸಬೇಡಿ. ಬಸುರಿಯರಿಗೆ ಆಗೋ ಮಾತ್ರೆಯನ್ನೇ ಆರಿಸಿ ಕೊಟ್ಟಿರ್ತಾರೆ.

ಇನ್ನೊಂದು ಮಾತು, ಹೆರಿಗೆ ಆದ ಕೂಡಲೇ ಇದು ಮುಗಿಯಲ್ಲ. ಆಮೇಲೆ ಆರು ವಾರದೊಳಗೂ ಬರಬಹುದು. ಬಾಣಂತಿ ತಲೆನೋವು ಅಂದ್ರೆ ಶೀತ ಅಂತ ಕಿವಿಗೆ ಹತ್ತಿ ಇಟ್ಟು, ಸ್ಕಾರ್ಫ್ ಕಟ್ಟಿ ಮಲಗಿಸ್ತೀವಲ್ಲ, ಅದಕ್ಕೂ ಮುಂಚೆ ಒಂದ್ಸಲ ಬಿಪಿ ನೋಡಿಸಿ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೇಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ. ಹೋದಾಗ "ಬಿಪಿ ಎಷ್ಟು ಸಿಸ್ಟರ್?" ಅಂತ ಕೇಳಿ, ಕಾರ್ಡ್ ಓದಿ. ಅತ್ತೆ, ಅಮ್ಮ, ಗಂಡ, ಮನೆಯವರೆಲ್ಲರಿಗೂ ಆ ನಂಬರ್ ಗೊತ್ತಿರಲಿ. ನಿಮ್ಮ ಮನೇಲಿ ಯಾರಾದ್ರೂ ಬಸುರಿ ಇದ್ರೆ ಇವತ್ತೇ ಫೋನ್ ಮಾಡಿ ಕೇಳಿ.