ಕಣ್ಣಿಗೆ ಸುಣ್ಣ ಬಿದ್ದಾಗ

ಕಣ್ಣಿನಲ್ಲಿ ಹೂವು ಬಿದ್ದಿದೆ ಎಂದು ನಮ್ಮ ಊರುಗಳಲ್ಲಿ ಹೇಳುವುದುಂಟು. ಹೆಸರು ಕೋಮಲವಾದರೂ ವಿಪತ್ತು ಘೋರವಾದುದು. ಪೊರೆ ಬೆಳೆಯುವುದು ಕಣ್ಣಿನೊಳಗಿನ ಮಸೂರದಲ್ಲಿ. ಹೂವು ಬೀಳುವುದಾದರೋ ಕಣ್ಣಿನ ಕಪ್ಪು ಭಾಗವನ್ನು ಗಡಿಯಾರದ ಗಾಜಿನಂತೆ ಮುಚ್ಚಿರುವ ಕಾರ್ನಿಯಾ ಎಂಬ ಪಟಲದ ಮೇಲೆ.

ಈ ಪಟಲದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅದರ ಹೊರಪದರಕ್ಕೆ ಗೀರು ಬಿದ್ದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಕಲೆಯಿಲ್ಲದೆ ಮಾಯುವುದು. ಗಾಯವು ನಡುವಿನ ಪದರಕ್ಕಿಳಿದರೆ ಅಲ್ಲಿ ಸಾಲಾಗಿ ಜೋಡಿಸಿದ ತಂತುಗಳು ಅಸ್ತವ್ಯಸ್ತಗೊಂಡು ಬಿಳಿಯ ಕಲೆ ಉಳಿಯುವುದು. ಅದೇ ಹೂವು.

ಹೊಟೇಲುಗಳಲ್ಲಿ ದುಡಿಯುವ ನಮ್ಮ ಬಂಧುಗಳ ಕಣ್ಣುಗಳು ನಿತ್ಯವೂ ಬಾಣಲೆಯ ಎಣ್ಣೆಗೂ, ಮೋರಿ ತೊಳೆಯುವ ಕಾಸ್ಟಿಕ್ ಸೋಡಕ್ಕೂ, ಎಲೆ ಅಡಿಕೆಯ ಸುಣ್ಣಕ್ಕೂ ಎದುರಾಗಿವೆ. ಸುಣ್ಣ, ಸೋಡಗಳಂತಹ ಕ್ಷಾರವು ಪದರಗಳನ್ನು ಭೇದಿಸಿ ಒಳಗಿಳಿಯುತ್ತಲೇ ಹೋಗುವುದು. ಆದುದರಿಂದ ಆ ಕ್ಷಣವೇ ನಲ್ಲಿಯ ಕೆಳಗೆ ರೆಪ್ಪೆಗಳನ್ನು ಬಿಡಿಸಿ ಹಿಡಿದು, ಅರ್ಧ ಗಂಟೆಯಾದರೂ ನೀರು ಹರಿಯಿಸಬೇಕು. ಅನಂತರ ಆಸ್ಪತ್ರೆ. ಜೇನು, ಹರಳೆಣ್ಣೆ, ಎದೆಹಾಲುಗಳನ್ನು ಹಾಕಲೇಬಾರದು. ಮೇನೇಜರರ ಅಪ್ಪಣೆಗಾಗಿ ಕಾಯಲೂ ಬಾರದು.

ಕಛೇರಿಯ ಗುಮಾಸ್ತರಿಗೂ ಒಂದು ಮಾತು. ಕಣ್ಣಿಗೆ ಕಸ ಬಿದ್ದು ಕೆಂಪಾಯಿತೆಂದು ಔಷಧದಂಗಡಿಯವನು ಕೊಟ್ಟ ಹನಿಯನ್ನು ಹಾಕಿಕೊಳ್ಳುವುದು ಅಪಾಯಕರ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಇಳಿದಂತೆ ಕಂಡರೂ ಒಳಗೆ ಬೂಷ್ಟಿನ ಸೋಂಕು ಹಬ್ಬಬಹುದು. ಹುಣ್ಣಿನ ಕಾರಣವನ್ನು ಪರೀಕ್ಷಿಸಿ ಔಷಧಿ ಕೊಡತಕ್ಕವರು ಕಣ್ಣಿನ ವೈದ್ಯರೇ.

ಹೂವು ಬಿದ್ದ ಕಣ್ಣಿಗೆ ಪಟಲದ ನಾಟಿಯೊಂದು ದಾರಿಯಾಗಿದೆ. 1905ರ ಡಿಸೆಂಬರ್ 7ರಂದು ಇಂದಿನ ಚೆಕ್ ದೇಶದ ಓಲೊಮೌತ್ಸ್ ಪಟ್ಟಣದಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಈ ನಾಟಿಯನ್ನು ಮೊತ್ತಮೊದಲು ಯಶಸ್ವಿಯಾಗಿ ನಡೆಯಿಸಿದರು. ದೃಷ್ಟಿ ಮರಳಿ ಪಡೆದಾತನು ಸುಣ್ಣದಿಂದ ಕಣ್ಣು ಕಳೆದುಕೊಂಡಿದ್ದ ಒಬ್ಬ ಕೂಲಿಗಾರ. ಆದರೆ ಎಲ್ಲರಿಗೂ ಆ ಭಾಗ್ಯವಿಲ್ಲ. ಕ್ಷಾರದಿಂದ ತೀವ್ರವಾಗಿ ಸುಟ್ಟ ಕಣ್ಣಿನಲ್ಲಿ ನಾಟಿಯು ಹಲವೊಮ್ಮೆ ನಿಲ್ಲುವುದಿಲ್ಲ. ಆದುದರಿಂದಲೇ ನಲ್ಲಿಯ ನೀರು ಶಸ್ತ್ರಚಿಕಿತ್ಸೆಗಿಂತ ಮೇಲಾದ ಮದ್ದು.

ನಾಟಿಗೆ ಬೇಕಾದ ಪಟಲವು ಮೃತರ ದಾನದಿಂದ ಬರತಕ್ಕದ್ದು. 2006ರಲ್ಲಿ ಡಾ. ರಾಜಕುಮಾರರ ಕಣ್ಣುಗಳೂ, 2021ರಲ್ಲಿ ಅವರ ಪುತ್ರ ಪುನೀತರ ಕಣ್ಣುಗಳೂ ಹೀಗೆ ದಾನವಾದವು. ಸಾವಿನ ನಂತರ ಸುಮಾರು ಆರು ಗಂಟೆಗಳೊಳಗೆ ನೇತ್ರಭಂಡಾರದವರು ಬರಬೇಕು. ಮನೆಯವರ ಒಪ್ಪಿಗೆಯೂ ಬೇಕು. ಊರಿನಿಂದ ದೂರವಿರುವ ನಾವು ಈ ಇಚ್ಛೆಯನ್ನು ಮನೆಯವರಿಗೂ, ಜೊತೆಯಲ್ಲಿರುವ ಗೆಳೆಯರಿಗೂ ಮುಂಚೆಯೇ ತಿಳಿಸಿಡಬೇಕು.

ಮಾಲೀಕರಲ್ಲಿ ನಮ್ಮ ವಿನಂತಿ ಇಷ್ಟೇ: ಸೋಡ ಬಳಸುವ ಹುಡುಗನಿಗೆ ರಕ್ಷಣೆಯ ಕನ್ನಡಕವನ್ನು ಕೊಡಿಸಿರಿ, ಕಣ್ಣು ತೊಳೆದು ಆಸ್ಪತ್ರೆಗೆ ಹೋದವನ ಅಂದಿನ ಕೂಲಿಯನ್ನು ಕಡಿಯದಿರಿ. ಒಂದು ದಿನದ ಕೂಲಿಗೆ ಅಂಜಿ ಒಬ್ಬನು ಬಾಳಿನ ಬೆಳಕನ್ನೇ ಕಳೆದುಕೊಳ್ಳುವಂತಾಗಬಾರದು.