ಥರ್ಮೋಕೋಲಿನ ಹಾಳುಗುಡಿ

ಗಾಜಿನ ಪೆಟ್ಟಿಗೆಯಲ್ಲಿ ಜೇಡ, ಚೇಳುಗಳನ್ನು ಸಾಕುವ ಹವ್ಯಾಸವು ಯುರೋಪು, ಅಮೆರಿಕಗಳಲ್ಲಿ ಬೇರೂರಿ ದಶಕಗಳೇ ಸಂದಿವೆ. ಅದಕ್ಕೆ ಅಂಟಿಕೊಂಡು ಒಂದು ಕರಕುಶಲವೂ ಬೆಳೆದಿದೆ. ಥರ್ಮೋಕೋಲ್ ಹಲಗೆಯನ್ನು ಕಾದ ತಂತಿಯಿಂದ ಕತ್ತರಿಸಿ, ಚೂರಿಯಿಂದ ಕಲ್ಲಿನ ಸಂದುಗಳನ್ನು ಕೊರೆದು, ಸಿಮೆಂಟಿನ ಗ್ರೌಟ್ ಬಳಿದು, ಬಣ್ಣ ಹಚ್ಚಿ, ಮುರಿದ ಕಂಬ, ಬಿರುಕುಬಿಟ್ಟ ಕಮಾನು, ಕುಸಿದ ಮೆಟ್ಟಿಲುಗಳನ್ನು ಮೂಡಿಸುತ್ತಾರೆ. ಹಾಳುಗುಡಿ ಸಿದ್ಧವಾದ ಮೇಲೆ ಜೀವಿಯನ್ನು ಅದರೊಳಗೆ ಬಿಡಲಾಗುತ್ತದೆ. ಕೈಚಳಕ ಮೆಚ್ಚತಕ್ಕದ್ದೇ. ಆದರೆ ಇದು ಜೀವಿಗೆ ಕಟ್ಟಿಕೊಟ್ಟ ಮನೆ ಎಂಬ ಮಾತು ಒಪ್ಪತಕ್ಕದ್ದಲ್ಲ.

ಜೇಡಕ್ಕೆ ಮನೆಯೆಂದರೇನು? ಪಶ್ಚಿಮ ಆಸ್ಟ್ರೇಲಿಯದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಿಂದ ಗಮನಿಸುತ್ತ ಬಂದ ಒಂದು ಹೆಣ್ಣು ಜೇಡ, ತಾನು ತೋಡಿದ ಒಂದೇ ಬಿಲದಲ್ಲಿ 43 ವರ್ಷ ಬಾಳಿತು. ಅದು ಗತಿಸಿದ್ದು 2016ರಲ್ಲಿ ತಿಳಿದುಬಂದಿತು. ಬಾಯಿಗೊಂದು ಮುಚ್ಚಳ, ಒಳಗೆ ತನ್ನದೇ ನೂಲಿನ ಹೊದಿಕೆ, ಸುತ್ತ ಮಣ್ಣಿನ ಕತ್ತಲೆ. ಇಷ್ಟೇ ಅದರ ಸಂಸಾರ. ಸಾಕುವವರಿಗೆ ಪ್ರಿಯವಾದ ಟರಾಂಟುಲಾಕ್ಕಾದರೋ ಕಣ್ಣು ಎಂಟಿದ್ದರೂ ದೃಷ್ಟಿ ಮಂದ. ಅದು ಲೋಕವನ್ನರಿಯುವುದು ಬಹುಮಟ್ಟಿಗೆ ಕಾಲಿಗೂ ರೋಮಕ್ಕೂ ತಾಗುವ ಕಂಪನದಿಂದ. ಕಂಬದ ಮೇಲಿನ ಬಳ್ಳಿಯ ಕೆತ್ತನೆ ಯಾರಿಗಾಗಿ? ಗಾಜಿನ ಹೊರಗೆ ನಿಂತವನಿಗಾಗಿ.

ಅಡಗಲು ಸಂದುಗಳನ್ನಾದರೂ ಒದಗಿಸಿದೆಯಲ್ಲ ಎಂಬ ವಾದವುಂಟು. ಅಡಗಲು ಒಂದು ಮರದ ತೊಗಟೆ ಸಾಕು. ನೆಲವಾಸಿ ಟರಾಂಟುಲಾದ ಹೊಟ್ಟೆ ಎಷ್ಟು ಮೃದುವೆಂದರೆ ಗೇಣೆತ್ತರದ ಕಂಬದಿಂದ ಬಿದ್ದರೂ ಒಡೆದು ಸಾಯಬಹುದು. ಆಹಾರವಾಗಿ ಬಿಟ್ಟ ಚಿಮ್ಮಂಡೆ ಹುಳು ಆ ಸಂದುಗಳಲ್ಲೇ ಅವಿತು, ಜೇಡವು ಪೊರೆ ಕಳಚುವ ನಿಶ್ಶಕ್ತ ಗಳಿಗೆಯಲ್ಲಿ ಅದನ್ನು ಕಚ್ಚುವುದುಂಟು. (ಹಾಗೆ ಆಹಾರವಾಗುವ ಹುಳುಗಳ ಲೆಕ್ಕವನ್ನು ಇಡುವವರಾರು?)

ಬಳ್ಳಾರಿ ಸೀಮೆಗೆ ತಾಗಿದ ಗುತ್ತಿಯ ಹೆಸರು ಹೊತ್ತ ನೀಲಿ ಜೇಡವೊಂದಿದೆ. 1899ರಲ್ಲಿ ಪೊಕಾಕ್ ಅದನ್ನು ವರ್ಣಿಸಿದ ಬಳಿಕ ಶತಮಾನ ಕಾಲ ಕಾಣದೆ, 2001ರಲ್ಲಿ ನಂದ್ಯಾಲ ಗಿದ್ದಲೂರುಗಳ ನಡುವಣ ಕಾಡಿನಲ್ಲಿ ಮತ್ತೆ ಸಿಕ್ಕಿತು. ಮರದ ಪೊಟರೆಯೇ ಅದರ ನೆಲೆ. ಅದರ ಕುಲವನ್ನೆಲ್ಲ 2019ರಲ್ಲಿ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಿ ವ್ಯಾಪಾರಕ್ಕೆ ಅಂಕುಶ ಹಾಕಬೇಕಾಯಿತು. ಇಂದು ಮಾರಾಟವಾಗುವವುಗಳಲ್ಲಿ ಅನೇಕವು ಪೆಟ್ಟಿಗೆಯಲ್ಲೇ ಹುಟ್ಟಿದವು ಎನ್ನುತ್ತಾರೆ. ಸೆರೆಯಲ್ಲಿ ಹುಟ್ಟಿದವನಿಗೆ ಸೆರೆ ಸೆರೆಯಲ್ಲವೆ?

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲು ಎಣಿಸಲ್ಪಡುವುದು ಬಂಧ. ಹೊಡೆಯುವುದಲ್ಲ, ಕೊಯ್ಯುವುದಲ್ಲ, ಕಟ್ಟಿಹಾಕುವುದು. ಹಗ್ಗಕ್ಕೆ ಬಣ್ಣ ಬಳಿದ ಮಾತ್ರಕ್ಕೆ ಬಂಧ ಸಡಿಲವಾದೀತೆ? ನಿಜವಾದ ಹಾಳುಗುಡಿಯ ರೀತಿಯೇ ಬೇರೆ. ಅಲ್ಲಿ ಮನುಷ್ಯ ಬಿಟ್ಟುಹೋಗಿರುತ್ತಾನೆ. ಹಂಪೆಯ ಕಲ್ಲಿನ ಬಿರುಕಿಗೆ ಚೇಳು ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಥರ್ಮೋಕೋಲಿನ ಗುಡಿಯಲ್ಲಿ ಮನುಷ್ಯ ಬಿಟ್ಟುಹೋಗುವುದೇ ಇಲ್ಲ.

ಈಗಾಗಲೇ ಸೆರೆಯಲ್ಲಿರುವ ಪರದೇಶದ ಜೀವಿಯನ್ನು ಹೊರಗೆ ಬಿಡುವುದು ಮತ್ತೊಂದು ಅನರ್ಥ. ಅದಕ್ಕೂ ಕೇಡು, ಊರಿನ ಜೀವಿಗಳಿಗೂ ಕೇಡು. ಅದು ಬದುಕಿರುವಷ್ಟು ಕಾಲ ತೋಡಲು ಆಳವಾದ ಮಣ್ಣು, ತೊಗಟೆ, ನೀರು, ಕತ್ತಲೆಗಳನ್ನು ಒದಗಿಸಬೇಕು. ಅದರ ಬಳಿಕ ಇನ್ನೊಂದನ್ನು ಕೊಳ್ಳಬಾರದು. ಗುಡಿ ಕೆತ್ತುವ ಆಸೆಯಿದ್ದವನು ಕೆತ್ತಲಿ, ತನ್ನ ಮೇಜಿನ ಮೇಲಿಟ್ಟುಕೊಳ್ಳಲಿ.