ಬಿ.ಪಿ. ಮಾತ್ರೆ ಮರೆತುಹೋಗುವುದು ನೆನಪಿನ ದೋಷವೇ?

ಸೊಂಟನೋವಿನ ಮಾತ್ರೆಯನ್ನು ಯಾರೂ ಮರೆಯುವುದಿಲ್ಲ, ನೋವೇ ನೆನಪಿಸುತ್ತದೆ. ಬಿ.ಪಿ.ಗೆ ಹಾಗೆ ನೆನಪಿಸುವವರಿಲ್ಲ. ಮೇಲಿನ ಅಂಕಿ 160 ಮುಟ್ಟಿದರೂ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಮಾತ್ರೆ ತಪ್ಪಿದ ದಿನವೂ ತೋಟದ ಕೆಲಸ ಎಂದಿನಂತೆಯೇ ಸಾಗುತ್ತದೆ. ಹಾಗಿರುವಾಗ "ವಯಸ್ಸಾಯಿತು, ಮರೆವು" ಎಂದು ಮನೆಯ ಹಿರಿಯರನ್ನು ದೂರುವುದು ಅಷ್ಟು ಸರಿಯಲ್ಲ. ಮುಂದುವರಿದ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಗಳಿಗೆ ಹೇಳಿದಂತೆ ಔಷಧಿ ತೆಗೆದುಕೊಳ್ಳುವುದು ಸರಾಸರಿ ಶೇ. 50ರಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು.

ಸುಳ್ಯ ತಾಲ್ಲೂಕಿನ ಕೊಲ್ಲಮೊಗ್ರುವಿನಂಥ ಊರಿನ ದಿನಚರಿ ನೋಡಿ. ಚೀಟಿಯಲ್ಲಿ "ಬೆಳಿಗ್ಗೆ ತಿಂಡಿಯ ನಂತರ" ಎಂದಿರುತ್ತದೆ. ರಬ್ಬರ್ ಟ್ಯಾಪಿಂಗ್ ಮಾಡುವವರು ಬೆಳಕು ಹರಿಯುವ ಮೊದಲೇ ಮನೆ ಬಿಟ್ಟಿರುತ್ತಾರೆ. ಅಡಿಕೆ ಕೊಯ್ಲಿನ ದಿನ ತಿಂಡಿ ತೋಟದಲ್ಲೇ ಆಗುತ್ತದೆ, ಮಾತ್ರೆ ಮಾತ್ರ ಕಪಾಟಿನಲ್ಲಿ ಉಳಿಯುತ್ತದೆ. ಇಲ್ಲಿ ಕೆಟ್ಟಿರುವುದು ನೆನಪಲ್ಲ, ಆರಿಸಿಕೊಂಡ ಹೊತ್ತು.

ಹಾಗಾದರೆ ಹೊತ್ತು ಬದಲಿಸಬಹುದೇ? ಬ್ರಿಟನ್ನಿನಲ್ಲಿ 21,104 ಜನರ ಮೇಲೆ ನಡೆದ 'ಟೈಮ್' ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಬೆಳಿಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಿಮಗೆ ತಪ್ಪದ ಹೊತ್ತೇ ಒಳ್ಳೆಯ ಹೊತ್ತು. ರಾತ್ರಿ ಗಂಜಿಯ ಜೊತೆಗಾದರೂ ಸರಿ, ಹಲ್ಲುಜ್ಜುವ ಬ್ರಷ್ಷಿನ ಪಕ್ಕವಾದರೂ ಸರಿ. ಆದರೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ರಾತ್ರಿ ನಾಲ್ಕು ಬಾರಿ ಏಳಬೇಕಾದೀತು, ವೈದ್ಯರನ್ನು ಕೇಳಿಯೇ ಬದಲಿಸಿ.

ಇನ್ನು ಕೆಲವನ್ನು ನಾವು ಮರೆವು ಎನ್ನುತ್ತೇವೆ, ನಿಜಕ್ಕೂ ಅವು ತೀರ್ಮಾನಗಳು. ಷಷ್ಠಿಗೋ ಏಕಾದಶಿಗೋ ಉಪವಾಸ, ಬರಿಹೊಟ್ಟೆಗೆ ಮಾತ್ರೆ ಬೇಡ ಎಂದು ಬಿಡುವುದು ಒಂದು. ಆಮ್ಲೋಡಿಪಿನ್, ಟೆಲ್ಮಿಸಾರ್ಟನ್‌ನಂಥ ಸಾಮಾನ್ಯ ಮಾತ್ರೆಗಳಿಗೆ ಊಟದ ಹಂಗಿಲ್ಲ. ಇನ್ನೊಂದು, ತಪಾಸಣೆಯ ದಿನ ಬೆಳಿಗ್ಗೆ ಮಾತ್ರೆ ನುಂಗದೆ ಬಸ್ ಹತ್ತುವುದು. ಅಂಕಿ ಏರಿರುತ್ತದೆ, ಬೇಕಿಲ್ಲದೆಯೇ ಡೋಸ್ ಏರುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು "ಬಿ.ಪಿ. ನಾರ್ಮಲ್ ಬಂತು, ಇನ್ನು ಸಾಕು" ಎಂಬುದು. ಅದು ನಾರ್ಮಲ್ ಆದದ್ದು ಆ ಮಾತ್ರೆಯಿಂದಲೇ ಅಲ್ಲವೇ!

ಒಂದು ದಿನ ತಪ್ಪಿದರೆ? ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಮಾತ್ರೆಯ ಹೊತ್ತು ಹತ್ತಿರವಾಗಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬಾರದು, ಒತ್ತಡ ಕುಸಿದು ತಲೆಸುತ್ತಿ ಬೀಳುವ ಅಪಾಯವಿದೆ. ಎಲ್ಲ ಮಾತ್ರೆಯೂ ಒಂದೇ ಅಲ್ಲ ಎಂಬುದೂ ಗೊತ್ತಿರಲಿ. ಆಮ್ಲೋಡಿಪಿನ್ ದೇಹದಲ್ಲಿ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು, ಒಂದು ದಿನದ ಮರೆವನ್ನು ಅದು ಸ್ವಲ್ಪ ಸಹಿಸುತ್ತದೆ. ಕ್ಲೊನಿಡಿನ್ ಹಾಗಲ್ಲ. ಅದನ್ನು ಹಠಾತ್ ನಿಲ್ಲಿಸಿದರೆ ಒತ್ತಡ ಒಮ್ಮೆಲೇ ಮೇಲಕ್ಕೆ ಚಿಮ್ಮಬಹುದು. ಹೃದ್ರೋಗಿಗಳು ಅಟೆನಲಾಲ್ ಅನ್ನು ತಟ್ಟನೆ ಬಿಡುವುದೂ ಅಪಾಯ.

"ಇವತ್ತು ತೆಗೆದುಕೊಂಡೆನೋ ಇಲ್ಲವೋ" ಎಂಬ ಗೊಂದಲಕ್ಕೆ ಏಳು ಖಾನೆಯ ಡಬ್ಬಿ ಸಾಕು. ಅದಿಲ್ಲದಿದ್ದರೆ ಸ್ಟ್ರಿಪ್‌ನ ಹಿಂದೆ ಪೆನ್ನಿನಿಂದ ವಾರದ ಹೆಸರು ಬರೆಯಿರಿ. ಮೊಬೈಲ್ ಅಲಾರಂ ಕೂಡ ಒಳ್ಳೆಯದೇ, ಮಳೆಗಾಲದಲ್ಲಿ ಕರೆಂಟು ಹೋಗಿ ಚಾರ್ಜ್ ಮುಗಿಯುವವರೆಗೆ.

ಮಾತ್ರೆಯೇ ಮುಗಿದಿದ್ದರೆ ಯಾವ ಅಲಾರಂ ಇದ್ದೂ ಉಪಯೋಗವಿಲ್ಲ. 2022ರ ಆಗಸ್ಟ್ ಮೊದಲ ವಾರದಲ್ಲಿ ಸುಬ್ರಹ್ಮಣ್ಯ, ಹರಿಹರ ಪಲ್ಲತಡ್ಕ, ಕೊಲ್ಲಮೊಗ್ರು ಭಾಗದಲ್ಲಿ ನೆರೆ, ಗುಡ್ಡ ಕುಸಿತ ಒಟ್ಟೊಟ್ಟಿಗೆ ಬಂದವು. ಅಂಥ ದಿನಗಳಲ್ಲಿ ಮೆಡಿಕಲ್ ಶಾಪಿಗೆ ಹೋಗಿಬರುವ ಮಾತೇ ಇಲ್ಲ. ಮೇ ತಿಂಗಳಲ್ಲಿ ಅಕ್ಕಿ, ಸೌದೆ ಕೂಡಿಡುವಾಗಲೇ ಕನಿಷ್ಠ ಎರಡು ವಾರದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ. ಹೊರಗೆ ಬರಲಾಗದ ಹಿರಿಯರಿದ್ದರೆ ಆಶಾ ಕಾರ್ಯಕರ್ತೆಯ ಬಳಿ ಮೊದಲೇ ಮಾತನಾಡಿಡಿ.